ಫೋನಿನಲ್ಲಿ ‘ಬರ್ತೀನಿ’ ಅಂದಿದ್ದಕ್ಕೆ

ಸ್ವೀಡನ್ ದೇಶದಲ್ಲಿ ಒಂದು ವರ್ಷಕ್ಕೆ ಏನೇನಾಯಿತು ಎನ್ನುವುದನ್ನೆಲ್ಲ ಒಂದು ಪುಸ್ತಕದಲ್ಲಿ ಅಡಕ ಮಾಡುವ ಕಚೇರಿಯಲ್ಲಿ ದುಡಿದು ಈಚೆಗೆ ನಾನು ನಿವೃತ್ತಳಾದೆ. ದಾವಣಗೆರೆಯ ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. “ಪಂಚಾಂಗ ಬರೀತೀಯೇನೇ?” ಎಂದು ನಮ್ಮ ಸೋದರತ್ತೆ ಕೇಳಿದ್ದರು. ಪಂಚಾಂಗ ಮುಂದೆ ಆಗುವುದನ್ನು ಹೇಳುತ್ತದೆ, ನಮ್ಮದು ಆಗಿಹೋದದ್ದನ್ನು ಹೇಳುತ್ತದೆ ಎಂದೆ. “ಆಗಿಹೋದದ್ದನ್ನ ಯಾರವ್ವಾ ಓದ್ತಾರೆ?” ಎಂದರು. ಕೊನೆಕೊನೆಗೆ ನಮ್ಮ ಪ್ರಕಾಶಕರಿಗೂ ಅದೇ ಅನುಮಾನ ಬಂದಿತ್ತು.

ಈಗ ಆ ಕುರ್ಚಿಗೆ ಅನುಷಾ ಬಂದಿದ್ದಾಳೆ. ಬೆಂಗಳೂರಿನ ಹುಡುಗಿ, ಲಿಂಡ್‌ಹೋಲ್ಮೆನ್ ಎಂಬ ಟೆಕ್ ಬಡಾವಣೆಯಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವಳು. ಈಗ ಉಪ್ಸಾಲಾದ ನಮ್ಮ ಕಚೇರಿಯಲ್ಲಿ ಕೂತು ವರ್ಷದ ಸುದ್ದಿಯನ್ನೆಲ್ಲ ಯಂತ್ರದ ಕೈಯಲ್ಲಿ ಸಾರಾಂಶ ಮಾಡಿಸುತ್ತಾಳೆ. ಮೊದಲ ದಿನ ನನ್ನ ಮೇಜಿನ ಮೇಲಿದ್ದ ಹಳೆಯ ಫೋನನ್ನು ನೋಡಿ, “ಆಂಟಿ, ಇದು ವರ್ಕ್ ಆಗುತ್ತಾ, ಇಲ್ಲ ಸುಮ್ನೆ ಶೋಗೆ ಇಟ್ಟಿದೀರಾ?” ಎಂದಳು.

“ವರ್ಕ್ ಆಗುತ್ತಮ್ಮ.”

“ಆದ್ರೆ ಯಾರಿಗೆ ಕಾಲ್ ಮಾಡ್ತೀರಾ? ಎಲ್ಲಾ ಆನ್‌ಲೈನ್ ಇದೆಯಲ್ಲ!”

ಒಂದು ಫಿಕಾ ಮುಗಿಯುವುದರೊಳಗೆ, ಅಂದರೆ ಒಂದು ಲೋಟ ಕಾಫಿ ಮತ್ತು ಒಂದು ಬನ್ನಿನ ಅವಧಿಯಲ್ಲಿ, ಆ ಪ್ರಶ್ನೆಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ.

ನಾನು ಉಪ್ಸಾಲಾಕ್ಕೆ ಬಂದದ್ದು ಗಂಡನ ಸಂಶೋಧನೆಯ ಬೆನ್ನು ಹತ್ತಿ. ಅವರು ವಿಶ್ವವಿದ್ಯಾಲಯದಲ್ಲಿ ಪ್ರೋಟೀನುಗಳ ಜೊತೆ ಇರುತ್ತಿದ್ದರು, ನಾನು ಮನೆಯಲ್ಲಿ ಕಿಟಕಿಯ ಜೊತೆ. ಗ್ರಂಥಾಲಯ ವಿಜ್ಞಾನದ ಪದವಿ ಇದ್ದದ್ದರಿಂದ ವರ್ಷಪುಸ್ತಕದ ಕಚೇರಿಯಲ್ಲಿ ಪತ್ರಿಕೆ ಕತ್ತರಿಸುವ ಕೆಲಸ ಸಿಕ್ಕಿತು. ರಾಜಕೀಯ, ಸಂಸ್ಕೃತಿ, ಕ್ರೀಡೆ ಎಂದು ಮೂರು ತಟ್ಟೆಗಳು. ಕತ್ತರಿಸಿದ ಸುದ್ದಿಯನ್ನು ಸರಿಯಾದ ತಟ್ಟೆಗೆ ಹಾಕಬೇಕು. ಭಾಷೆ ಅಷ್ಟಾಗಿ ಬಾರದಿದ್ದರೂ ನಡೆಯುತ್ತದೆ ಎಂದಿದ್ದರು. ನಡೆಯಲಿಲ್ಲ.

ಸ್ವೀಡಿಷ್ ನಾನು ಕಲಿತದ್ದೇ ರೈಲ್ವೆ ಸ್ಟೇಷನ್ನಿನ ಬೋರ್ಡು ನೋಡಿಕೊಂಡು. ಅಲ್ಲಿ ‘ಅವ್‌ಗೋರ್’ ಎಂದು ಬರೆದಿದ್ದರೆ ಗಾಡಿ ಹೊರಡುತ್ತದೆ ಎಂದರ್ಥ. ಒಂದು ದಿನ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ಮಂತ್ರಿ ‘ಅವ್‌ಗೋರ್’ ಎಂದಿತ್ತು. ಎಲ್ಲೋ ಪ್ರವಾಸ ಹೊರಟಿದ್ದಾನೆ, ಇದೂ ಒಂದು ಸುದ್ದಿಯೇ ಎಂದುಕೊಂಡು ಕಸದ ಬುಟ್ಟಿಗೆ ಹಾಕಿದೆ. ಅವನು ರಾಜೀನಾಮೆ ಕೊಟ್ಟಿದ್ದ. ಈ ಭಾಷೆಯಲ್ಲಿ ರೈಲು ಹೊರಡುವುದಕ್ಕೂ ಮಂತ್ರಿ ಕುರ್ಚಿ ಬಿಡುವುದಕ್ಕೂ ಒಂದೇ ಕ್ರಿಯಾಪದ. ಇಡೀ ಕಚೇರಿ ಆ ಸುದ್ದಿಯನ್ನು ಹುಡುಕಿ ಹುಡುಕಿ ಕೊನೆಗೆ ನನ್ನ ಬುಟ್ಟಿಗೆ ಬಂತು. ಅದನ್ನು ಎತ್ತಿ ಇಸ್ತ್ರಿ ಮಾಡಿದಂತೆ ಅಂಗೈಯಿಂದ ಒತ್ತಿದವರು ನಮ್ಮ ಸಂಪಾದಕಿ ಬಿರ್ಗಿಟ್ಟಾ. ಬೈಯಲಿಲ್ಲ. “ಪ್ರವಾಸ ಅಂದುಕೊಂಡೆಯಾ? ಅವನೂ ಹಾಗೇ ಅಂದುಕೊಂಡಿದ್ರೆ ಚೆನ್ನಾಗಿತ್ತು” ಎಂದರು.

ಬಿರ್ಗಿಟ್ಟಾ ಎತ್ತರದ, ಒಣಕಲು ಹೆಂಗಸು. ಗುಣವಾಚಕ ಕಂಡರೆ ಅವರಿಗೆ ಜಿರಳೆ ಕಂಡಂತೆ ಆಗುತ್ತಿತ್ತು. ‘ಭಾರೀ ಗೆಲುವು’ ಎಂದು ಬರೆದರೆ ‘ಭಾರೀ’ ಹೋಗುತ್ತಿತ್ತು, ‘ದುಃಖದ ಸಾವು’ ಎಂದರೆ, “ಸಾವು ಸಾಕು, ಉಳಿದದ್ದು ಓದುಗರಿಗೆ ಗೊತ್ತು” ಎನ್ನುತ್ತಿದ್ದರು. ಮೂರನೆಯ ಚಳಿಗಾಲಕ್ಕೆ ಅವರು ನನ್ನನ್ನು ಕತ್ತರಿಯಿಂದ ಬಿಡಿಸಿ ಫೋನಿನ ಮುಂದೆ ಕೂರಿಸಿದರು. ನಮ್ಮ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು: ಯಾರ ಬಗ್ಗೆ ಒಂದು ಸಾಲು ಅಚ್ಚಾಗುತ್ತದೋ ಅವರು ಆ ಸಾಲನ್ನು ಊರವರಿಗಿಂತ ಮೊದಲು ಕೇಳಬೇಕು. ಫೋನು ಮಾಡಿ ಓದಿ ಹೇಳುವುದು, ಸರಿಯೇ ಎಂದು ಕೇಳುವುದು ನನ್ನ ಕೆಲಸ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಅವರಿಗೆ ಅನುವಾದಿಸಿ ಹೇಳಿದಾಗ, ನಿಮ್ಮ ಊರಿನಲ್ಲೂ ಸಂಪಾದಕರು ಇದ್ದರು ಅನ್ನು ಎಂದು ಸಂತೋಷಪಟ್ಟರು.

ಅನುಷಾ, ಜನ ತಮ್ಮ ಬಗ್ಗೆ ಒಂದು ಸಾಲು ಕೇಳಿದಾಗ ಏನು ಹೇಳುತ್ತಾರೆ ಎಂಬುದು ಇಂದಿಗೂ ನನಗೆ ಮುಗಿಯದ ಕುತೂಹಲ. ಮನೆಗೆ ಸುಣ್ಣ ಹೊಡೆಸಿದವರು ಬಣ್ಣ ನೋಡುವ ಹಾಗೆ ನೋಡುತ್ತಾರೆ, ದೂರ ನಿಂತು, ಹತ್ತಿರ ಬಂದು. ಉತ್ತರದ ಒಂದು ಪುಟ್ಟ ಕಮ್ಯೂನಿನ, ಅಂದರೆ ಪುರಸಭೆಯ, ಅಧ್ಯಕ್ಷೆ ರಾಜೀನಾಮೆ ಕೊಟ್ಟರು ಎಂದು ನಾವು ಬರೆದಿದ್ದೆವು. ಫೋನಿನಲ್ಲಿ ಆಕೆ, “ನಾನೆಲ್ಲಿ ಕೊಟ್ಟೆ? ನನ್ನನ್ನ ಮತ ಹಾಕಿ ಇಳಿಸಿದ್ರು. ಹಾಗೇ ಬರೀರಿ. ನಾನಾಗಿ ಬಿಟ್ಟುಹೋದೆ ಅಂತ ನನ್ನ ಮೊಮ್ಮಕ್ಕಳು ಓದಬಾರದು” ಎಂದರು. ಸೋಲನ್ನು ಮರ್ಯಾದೆಯ ಮಾತಿನಿಂದ ಮುಚ್ಚುವುದಷ್ಟೇ ನಾನು ನೋಡಿದ್ದು. ಮರ್ಯಾದೆಯ ಮಾತು ಬೇಡ, ಸೋಲೇ ಇರಲಿ ಎಂದವರನ್ನು ಅವತ್ತೇ ಕೇಳಿದೆ. ಇನ್ನೊಬ್ಬ ನಾಟಕದವನು ಇದ್ದ. ಅವನ ನಾಟಕದ ಹೆಸರಿನ ಹಿಂದಿದ್ದ ‘ವಿವಾದಾತ್ಮಕ’ ಎಂಬ ಪದವನ್ನು ಬಿರ್ಗಿಟ್ಟಾ ಹೊಡೆದುಹಾಕಿದ್ದರು. ಅವನು ಫೋನಿನಲ್ಲೇ ಗೋಗರೆದ: “ಅದೊಂದನ್ನ ಬಿಡಿ ಮೇಡಂ! ಅದಿಲ್ಲದಿದ್ರೆ ಯಾರು ಬರ್ತಾರೆ ನೋಡೋಕೆ?” ಪದ ಉಳಿಯಲಿಲ್ಲ.

ಎಲ್ಲ ಫೋನಿನ ಕೊನೆಗೆ ನಾನು ಒಂದೇ ಮಾತು ಹೇಳಿ ಇಡುತ್ತಿದ್ದೆ: “ತಕ್, ಯಾಗ್ ಕೊಮ್ಮರ್.” ಧನ್ಯವಾದ, ಬರ್ತೀನಿ. ನಮ್ಮ ಅಜ್ಜಿಯ ಮುಂದೆ ‘ಹೋಗ್ತೀನಿ’ ಅಂದರೆ ತುಟಿಯ ಮೇಲೆ ಏಟು ಬೀಳುತ್ತಿತ್ತು. ಹೋಗುವವರು ಹೆಣಗಳು, ಬದುಕಿದ್ದವರು ಬರ್ತೀನಿ ಅನ್ನಬೇಕು. ಆ ಬಿಗಿಯಲ್ಲಿ ಬೆಳೆದ ನಾಲಿಗೆ ಸ್ವೀಡಿಷ್ ಮಾತಾಡುವಾಗ ಬೇರೆ ಏನು ಹೇಳೀತು? ಯಾರೂ ತಿದ್ದಲಿಲ್ಲ. ಸ್ವೀಡನ್ನಿನವರು ಪರಕೀಯರ ಮಾತನ್ನು ತಿದ್ದುವುದಿಲ್ಲ, ಅದು ಅವರ ಸೌಜನ್ಯ. ಆ ಸೌಜನ್ಯದಿಂದ ನಾನು ಹಾಳಾದದ್ದು ಇಷ್ಟಿಷ್ಟಲ್ಲ.

ಅದೇ ವರ್ಷದ ಕ್ರೀಡಾ ಪುಟಗಳಲ್ಲಿ ಹೆಂಗಸರ ‘ಬ್ಯಾಂಡಿ’ ಆಟಕ್ಕೆ ಒಂದು ಸಾಲು ಇತ್ತು. ದಾವಣಗೆರೆಯವಳಿಗೆ ಬಂಡಿ ಎಂದರೆ ಎತ್ತಿನದು. ಇದು ಮಂಜುಗಡ್ಡೆಯ ಮೈದಾನದಲ್ಲಿ ಸ್ಕೇಟು ಕಟ್ಟಿಕೊಂಡು, ಬಾಗಿದ ಕೋಲಿನಿಂದ ಪುಟ್ಟ ಚೆಂಡನ್ನು ಅಟ್ಟುವ ಆಟ. ಸ್ಯಾಂಡ್‌ವಿಕೆನ್ ಕಡೆ ಇದಕ್ಕೆ ಪ್ರಾಣ ಬಿಡುತ್ತಾರೆ. ಅಲ್ಲಿಗೆ ಹತ್ತಿರದ ಒಂದು ಚಿಕ್ಕ ಊರಿನ ತಂಡ ಮೇಲಿನ ದರ್ಜೆಗೆ ಏರಬೇಕಿತ್ತು, ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು ಸೋತಿತು. ನಮ್ಮ ಸಾಲು ಹೀಗಿತ್ತು: ‘ಗೋಲ್‌ಕೀಪರ್ ಎಲಿನ್ ಮಾಡಿದ ತಪ್ಪಿನಿಂದ ತಂಡ ಮೇಲಿನ ದರ್ಜೆಯನ್ನು ಕಳೆದುಕೊಂಡಿತು.’ ಅವಳ ಪೂರ್ತಿ ಹೆಸರು, ಊರಿನ ಹೆಸರು ಎಲ್ಲ ಇತ್ತು. ಇಲ್ಲಿ ಬೇಡ.

ಎಲಿನ್‌ಗೆ ಫೋನು ಮಾಡಿದೆ. ಅವಳು ಆ ಊರಿನ ಡಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಟೀಚರ್. ಹಿಂದೆ ಮಕ್ಕಳ ಗಲಾಟೆ. ಸಾಲು ಓದಿದೆ.

“ಚೆಂಡು ನನ್ನನ್ನ ದಾಟಿ ಹೋಗಲೇ ಇಲ್ಲ” ಎಂದಳು. “ಆದ್ರೆ ತಿರುಗಿ ನೋಡಿದ್ರೆ ಬಲೆಯೊಳಗೆ ಬಿದ್ದಿತ್ತು. ಹೇಗೆ ಅಂತ ಗೊತ್ತಿಲ್ಲ. ಮೊದಮೊದಲು ಎಲ್ರಿಗೂ ಹೇಳ್ದೆ. ನೆಪ ಹೇಳ್ತಾಳೆ ಅಂದ್ರು. ಈಗ ಹೇಳೋದು ಬಿಟ್ಟಿದ್ದೀನಿ. ಆಡೋದೂ ಬಿಟ್ಟೆ. ಇಲ್ಲಿ ನಾಲ್ಕು ವರ್ಷದ ಮಗು ನನ್ನ ಹತ್ರ ಬಂದು, ನೀನೇ ಅಂತೆ ಗೋಲು ಬಿಟ್ಟಿದ್ದು ಅನ್ನುತ್ತೆ. ಕ್ರಿಸ್‌ಮಸ್ ಆದ ಮೇಲೆ ಬೇರೆ ಊರು ನೋಡ್ಕೋತೀನಿ. ನೀವು ಬರ್ಕೊಳ್ಳಿ, ಪರವಾಗಿಲ್ಲ.”

ಪರವಾಗಿಲ್ಲ ಎಂದವಳ ದನಿ ಕೇಳಿದ ಮೇಲೆ ಆ ಪಂದ್ಯದ ವರದಿಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಊರಿನ ಪತ್ರಿಕೆ, ರೇಡಿಯೊ, ತಂಡದ ಜಾಲತಾಣ, ಎಲ್ಲೆಲ್ಲೂ ಅದೇ ಮಾತು ಇತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಎಲ್ಲರೂ. ನಿನ್ನ ಯಂತ್ರ ಓದಿದ್ದರೂ ಅದನ್ನೇ ಹೇಳುತ್ತಿತ್ತು, ಅನುಷಾ, ಅದರ ತಪ್ಪಲ್ಲ. ನನಗೂ ಬೇರೆ ಏನೂ ತಿಳಿದಿರಲಿಲ್ಲ. ಆದರೆ ಒಬ್ಬಳು ಹುಡುಗಿ ಊರು ಬಿಡುವುದಕ್ಕೆ ನಮ್ಮ ಸಾಲು ಕೊನೆಯ ಮೊಳೆ ಆಗುವುದು ಬೇಡ ಅನ್ನಿಸಿತು. ಪಂದ್ಯದ ರೆಫರಿಗೆ ಫೋನು ಮಾಡಿದೆ.

ಲೆನ್ನಾರ್ಟ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು, ಅದೇ ಊರಿನವರು. ಆ ಭಾಗದಲ್ಲಿ ಮೂರು ಪದಗಳಲ್ಲಿ ಮುಗಿಯುವುದಕ್ಕೆ ನಾಲ್ಕನೆಯದನ್ನು ಬಳಸುವುದಿಲ್ಲ. ಸಾಲು ಓದಿದೆ. ಫಲಿತಾಂಶ ಸರಿಯೇ ಎಂದು ಕೇಳಿದೆ.

“ಫಲಿತಾಂಶ ಸರಿ.”

“ಗೋಲ್‌ಕೀಪರ್ ತಪ್ಪು ಅನ್ನೋದು?”

ಉಸಿರು ಕೇಳಿಸಿತು, ಆಮೇಲೆ ಅದೂ ಇಲ್ಲ. ಕಾದೆ. ಲೈನು ಕಟ್ಟಾಯಿತೇನೋ ಎಂದುಕೊಂಡು ಅಭ್ಯಾಸದಂತೆ, “ತಕ್, ಯಾಗ್ ಕೊಮ್ಮರ್” ಎಂದು ಇಟ್ಟುಬಿಟ್ಟೆ.

ಕೆಲವು ದಿನ ಕಳೆದು ಬಿರ್ಗಿಟ್ಟಾ ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖದಲ್ಲಿ ಗೊಂದಲ. “ನೀನು ಯಾರಿಗಾದರೂ ಮನೆಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೀಯಾ?”

“ಇಲ್ಲಪ್ಪ.”

“ಲೈನಲ್ಲಿ ಲೆನ್ನಾರ್ಟ್ ಅಂತ ಒಬ್ಬರು ಇದ್ದಾರೆ. ನೀನು ಬರ್ತೀನಿ ಅಂದೆಯಂತೆ. ಯಾವಾಗ ಅಂತ ಅವರು ಕೇಳೋಷ್ಟರಲ್ಲಿ ಇಟ್ಟೆಯಂತೆ. ಹಾಗಾಗಿ ಅವರು ದಿನಾ ಏಲಕ್ಕಿ ಬನ್ನು ಮಾಡಿಟ್ಟುಕೊಂಡು ಕಾಯ್ತಿದ್ದಾರೆ. ಅಕ್ಕಪಕ್ಕದವರಿಗೂ ತಿಂದು ಸಾಕಾಗಿದೆಯಂತೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತು ಸಂಜೆ ಮನೆಯಲ್ಲಿ ಮಗಳಿಗೆ ಹೇಳಿದರೆ ಅವಳು ಸೋಫಾದ ಮೇಲೆ ಬಿದ್ದು ನಕ್ಕಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಿದ್ದಳು.

“ಅಮ್ಮಾ, ‘ಕೊಮ್ಮರ್’ ಅಂದ್ರೆ ನಿಜವಾಗ್ಲೂ ಬರೋದು. ಬಾಗಿಲಿಗೆ ಬಂದು ಬೆಲ್ ಮಾಡೋದು.”

“ಮತ್ತೆ ಇಷ್ಟು ದಿನ ಯಾರೂ ಯಾಕೆ ಹೇಳ್ಲಿಲ್ಲ?”

“ಎಲ್ರೂ ಕಾಯ್ತಾ ಇರಬೇಕು!”

ಅವಳ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ನಾಟಕದವನು ಕೌಂಟರಿನಲ್ಲಿ ನನ್ನ ಹೆಸರಿಗೆ ಟಿಕೆಟ್ ಇಟ್ಟಿದ್ದನೆಂದು ಆಮೇಲೆ ತಿಳಿಯಿತು. ಮತ ಹಾಕಿ ಇಳಿಸಿದ ಅಧ್ಯಕ್ಷೆ, ಹಿಮ ಕರಗಿದ ಮೇಲೆ ಬಂದರೆ ರಸ್ತೆ ಚೆನ್ನಾಗಿರುತ್ತದೆ ಎಂದು ಮೇಲ್ ಕಳಿಸಿದ್ದರು. ಅದನ್ನು ನಾನು ಸುಮ್ಮನೆ ಒಳ್ಳೆಯ ಮಾತು ಎಂದುಕೊಂಡಿದ್ದೆ.

ಹೋಗಿ ಕ್ಷಮೆ ಕೇಳಿ ಬಾ ಎಂದರು ಬಿರ್ಗಿಟ್ಟಾ. ಸ್ಯಾಂಡ್‌ವಿಕೆನ್‌ಗೆ ರೈಲು ಹತ್ತಿದೆ. ಲೆನ್ನಾರ್ಟ್ ಸ್ಟೇಷನ್ನಿಗೇ ಕಾರು ತಂದಿದ್ದರು, ಅಲ್ಲಿಂದ ಅವರ ಊರಿಗೆ ಸ್ವಲ್ಪ ದೂರ. ದಾರಿಯುದ್ದಕ್ಕೂ ನಾನು ನನ್ನ ಅಜ್ಜಿ, ಹೋಗ್ತೀನಿ, ಬರ್ತೀನಿ ಎಲ್ಲ ವಿವರಿಸಿದೆ. ಅವರು ರಸ್ತೆ ನೋಡುತ್ತ ಕೇಳಿಸಿಕೊಂಡರು. ಅಡುಗೆಮನೆಯಲ್ಲಿ ಮೇಜಿನ ಮೇಲೆ ಎರಡು ಲೋಟ, ಬನ್ನಿನ ಬುಟ್ಟಿ. ಎರಡನೆಯ ಸಲ ಕಾಫಿ ಬಗ್ಗಿಸುವವರೆಗೂ ಹವಾಮಾನದ ಮಾತೇ ಆಯಿತು.

“ಹಾಗಾದ್ರೆ ನಿಮಗೆ ಗೊತ್ತಿರಲಿಲ್ಲ” ಎಂದರು ಆಮೇಲೆ.

“ಏನು?”

“ನೀವು ಬರ್ತೀನಿ ಅಂದಾಗ ನನಗೆ ಅನ್ನಿಸ್ತು, ಈಕೆಗೆ ಗೊತ್ತಾಗಿದೆ ಅಂತ. ಫೋನಲ್ಲಿ ಹೇಳೋ ವಿಷಯ ಅಲ್ಲ, ಅದಕ್ಕೇ ಬರ್ತಾಳೆ ಅಂತ.”

ಕೈಯೊರೆಸಿಕೊಂಡು ಹೇಳಿದರು. ಪಂದ್ಯ ಮುಗಿದು, ಕಾಗದಕ್ಕೆ ಸಹಿ ಆಗಿ, ತಂಡಗಳು ಹೊರಟುಹೋದ ಮೇಲೆ ಗೋಲಿನ ಚೌಕಟ್ಟನ್ನು ಎತ್ತಿಡಲು ಅವರು ಕೈ ಹಾಕಿದ್ದರು. ಪಕ್ಕದ ಬಲೆಯೊಳಗೆ ಅವರ ಮುಷ್ಟಿಯೇ ತೂರಿತು. ಚೆಂಡು ಮುಂದಿನಿಂದ ಹೋಗಿರಲೇ ಇಲ್ಲ. ಹೊರಗಿನಿಂದ, ಪಕ್ಕದ ತೂತಿನಲ್ಲಿ ನುಗ್ಗಿತ್ತು. ಎಲಿನ್ ಹೇಳಿದ್ದು ಅಕ್ಷರಶಃ ನಿಜ.

“ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿದ್ದು ನನಗೇ ಕೇಳಿಸಿತು. ಸಿಟ್ಟು ಬಂದಿತ್ತು.

“ಅದು ನನ್ನ ಕೊನೇ ಪಂದ್ಯ. ಊರವರು ಹೂಗುಚ್ಛ ಕೊಟ್ಟಿದ್ರು. ಹೂ ಕಂಕುಳಲ್ಲಿ ಇಟ್ಕೊಂಡು ಹೇಳೋಕಾಗ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಇನ್ನೂ ಕಷ್ಟ ಆಯ್ತು. ಅಂಗಡಿಯಲ್ಲಿ ಅವಳು ಎದುರು ಬಂದ್ರೆ ನಾನು ಹಾಲಿನ ಕಡೆ ತಿರುಗ್ತೀನಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾಳೆ ಹೇಳೋಣ ಎಂದು ಎಷ್ಟು ಮಾತುಗಳನ್ನು ನಾವೂ ನುಂಗಿಲ್ಲ? ಇಬ್ಬರೂ ಮೈದಾನಕ್ಕೆ ಹೋದೆವು. ಹೊಸ ಋತುವಿಗೆ ಮಂಜುಗಡ್ಡೆ ಹಾಸುತ್ತಿದ್ದರು. ಅಲ್ಲಿನ ಮೇಲ್ವಿಚಾರಕ ಗೋಲಿನ ಬಲೆಯನ್ನು ತೋರಿಸಿದ. ಪಕ್ಕದಲ್ಲಿ ನೀಲಿ ದಾರದ ಗಂಟುಗಳು. “ಇದಾ? ಆ ಪಂದ್ಯ ಆದ ಮಾರನೇ ಬೆಳಿಗ್ಗೆ ನಾನೇ ಕಟ್ಟಿದ್ದು. ಬೆಕ್ಕು ತೂರುವಷ್ಟು ಹರಿದಿತ್ತು” ಎಂದ. ಅದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ ಎಂದ.

ಉಪ್ಸಾಲಾಕ್ಕೆ ಮರಳಿ ಬಿರ್ಗಿಟ್ಟಾಗೆ ಎಲ್ಲ ಹೇಳಿದೆ. “ಒಬ್ಬನ ಮನಸ್ಸಾಕ್ಷಿ ಪುರಾವೆ ಆಗೋದಿಲ್ಲ” ಎಂದರು. ಬಲೆ ಕಟ್ಟಿದವನ ಮಾತೂ ಇದೆ, ಗಂಟನ್ನು ನಾನೇ ಮುಟ್ಟಿ ನೋಡಿದ್ದೇನೆ ಎಂದೆ. ಪೆನ್ಸಿಲ್ ಕಚ್ಚುತ್ತ ಕೂತರು. ಫಲಿತಾಂಶವನ್ನು ಬದಲಿಸುವ ಅಧಿಕಾರ ನಮಗಿಲ್ಲ, ಆದರೆ ಕಾರಣವನ್ನು ತಪ್ಪು ಬರೆಯುವ ಹಕ್ಕೂ ಇಲ್ಲ ಎಂದು ಕೊನೆಗೆ ಒಪ್ಪಿದರು. ಹೊಸ ಸಾಲು ತಯಾರಾಯಿತು: ‘ಹರಿದ ಬಲೆಯ ಪಕ್ಕದಿಂದ ನುಗ್ಗಿದ ಚೆಂಡನ್ನು ರೆಫರಿ ಲೆನ್ನಾರ್ಟ್ ಗಮನಿಸದೆ ಗೋಲೆಂದು ಕೊಟ್ಟಿದ್ದರಿಂದ ತಂಡ ಮೇಲಿನ ದರ್ಜೆಯನ್ನು ಕಳೆದುಕೊಂಡಿತು.’

ಕಟ್ಟಳೆಯಂತೆ ಮೊದಲು ಲೆನ್ನಾರ್ಟ್‌ಗೆ ಓದಿದೆ.

“‘ಗಮನಿಸದೆ’ ಅನ್ನೋದು ಅರ್ಧ ಸತ್ಯ” ಎಂದರು. “ಆಮೇಲೆ ಗಮನಿಸಿದೆ, ಬಾಯಿ ಬಿಡಲಿಲ್ಲ. ಅದನ್ನೂ ಹಾಕಿ. ಹೆಸರು ಪೂರ್ತಿ ಇರಲಿ.”

ಹಾಗೇ ತಿದ್ದಿದೆವು. ಒಂದು ಸಾಲಿನ ಸುದ್ದಿ ಎರಡಾಯಿತು, ಬಿರ್ಗಿಟ್ಟಾ ಗೊಣಗಲಿಲ್ಲ. ಮಾರನೆಯ ದಿನ ಎಲಿನ್‌ಗೆ ಫೋನು ಮಾಡಿ ಓದಿದೆ. ಅವಳು ಇನ್ನೊಂದು ಸಲ ಓದಿ ಎಂದಳು. ಓದಿದೆ. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಯಾವುದೋ ಮಗು ಅವಳ ಹೆಸರು ಹಿಡಿದು ಕರೆಯುತ್ತಿತ್ತು. ಅವಳು ಮೂಗು ಒರೆಸಿಕೊಂಡು ಮತ್ತೆ ಬಂದಳು.

“ಸರಿಯಾಗಿದೆಯಾ?” ಎಂದೆ.

“ಎಲ್ಲಾ ಸರಿ. ಅವರ ಹೆಸರು ತೆಗೀರಿ.”

“ಅವರೇ ಹಾಕಿ ಅಂದಿದ್ದಾರೆ, ಎಲಿನ್. ಬಾಯಿ ಬಿಡಲಿಲ್ಲ ಅನ್ನೋದನ್ನೂ ಅವರೇ ಸೇರಿಸಿದ್ದು.”

“ಗೊತ್ತಾಯ್ತು. ಆದ್ರೂ ತೆಗೀರಿ. ಈ ಊರಲ್ಲಿ ಒಂದು ಹೆಸರಿಗೆ ಒಂದು ಗೋಲು ಅಂಟಿಕೊಂಡ್ರೆ ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ಅವರಿಗೆ ವಯಸ್ಸಾಗಿದೆ, ಬೇರೆ ಊರು ಎಲ್ಲಿ ನೋಡ್ಕೋತಾರೆ?” ಮತ್ತೆ ಸೇರಿಸಿದಳು: “ಪುಸ್ತಕಕ್ಕೆ ಹೇಳೋದು ಬೇಡ. ನನಗೆ ಹೇಳಲಿ.”

ಬಿರ್ಗಿಟ್ಟಾ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ತಮ್ಮ ಕೈಯಿಂದಲೇ ಹೊಡೆದು, ಹೊಡೆದು, ಸಾಲನ್ನು ಸಣ್ಣದು ಮಾಡಿದರು: ‘ಹರಿದ ಬಲೆಯ ಪಕ್ಕದಿಂದ ನುಗ್ಗಿದ ಚೆಂಡು ಗೋಲೆಂದು ಎಣಿಕೆಯಾಗಿ ತಂಡ ಮೇಲಿನ ದರ್ಜೆಯನ್ನು ಕಳೆದುಕೊಂಡಿತು.’ ಆ ವರ್ಷದ ಕ್ರೀಡಾ ಪುಟಗಳಲ್ಲಿ ಯಾರ ಹೆಸರೂ ಇಲ್ಲದೆ ಅಚ್ಚಾದದ್ದು ಅದೊಂದೇ ಸಾಲು.

ಆದರೆ ಸಾಲು ಬದಲಾಗಿತ್ತು, ಕಟ್ಟಳೆ ಕಟ್ಟಳೆಯೇ. ಲೆನ್ನಾರ್ಟ್‌ಗೆ ಮತ್ತೆ ಫೋನು ಮಾಡಿ ಓದಿದೆ.

“ನನ್ನ ಹೆಸರು?”

“ತೆಗೆದಿದ್ದೀವಿ.”

“ಯಾರು ಹೇಳಿದ್ದು ತೆಗೀರಿ ಅಂತ?”

“ಎಲಿನ್.” ಅವಳು ಅಂದದ್ದನ್ನು ಅವಳ ಮಾತಿನಲ್ಲೇ ಹೇಳಿದೆ, ಕೊನೆಯ ಮಾತನ್ನೂ ಬಿಡದೆ.

ಆ ಕಡೆ ಕುರ್ಚಿ ಎಳೆದ ಸದ್ದು, ಏನೋ ಬಿದ್ದ ಸದ್ದು, ಏದುಸಿರು. ನನಗೆ ಗಾಬರಿಯಾಯಿತು.

“ಲೆನ್ನಾರ್ಟ್? ಕೇಳಿಸ್ತಿದೆಯಾ? ಹುಷಾರಾಗಿದ್ದೀರಾ?”

“ಇದ್ದೀನಿ” ಎಂದರು. “ಬೂಟು ಹಾಕ್ಕೊಳ್ತಿದ್ದೀನಿ. ಡಗಿಸ್ ಮುಚ್ಚೋಕೆ ಇನ್ನೂ ಹೊತ್ತಿದೆಯಲ್ಲ?”

ಕಿಟಕಿಯ ಆಚೆ ಆಗಲೇ ಕತ್ತಲು ಇಳಿಯುತ್ತಿತ್ತು. ಇದೆ, ಬೇಗ ಹೊರಡಿ ಎಂದೆ.